ಬಂಡೆಯಲ್ಲಿ ಪಳಗಿದ ಕಾಲು, ಹಿಮದ ಮೇಲೆ

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದವನು. ಸ್ಕಂದಗಿರಿ ಮತ್ತು ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹಲವು ಬಾರಿ ಹತ್ತಿದ್ದೇನೆ. ಬರುವ ಜನವರಿಯಲ್ಲಿ ಗೆಳೆಯರೊಂದಿಗೆ ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಹೊರಟಿದ್ದೇನೆ. ಹಿಮವನ್ನು ಇದುವರೆಗೆ ಕಣ್ಣಾರೆ ಕಂಡಿಲ್ಲ. ಏನನ್ನು ಕಲಿತು ಹೋಗಬೇಕು?

ಉತ್ತರ: ನಿಮ್ಮ ದಮ್ಮಿನ ಬಗ್ಗೆ ನನಗೆ ಅನುಮಾನವಿಲ್ಲ, ಅನುಮಾನವಿರುವುದು ಬಂಡೆಯಲ್ಲಿ ಪಳಗಿದ ನಿಮ್ಮ ಕಾಲಿನ ಬಗ್ಗೆ. ಮಧುಗಿರಿಯ ಒಣಬಂಡೆಯ ಮೇಲೆ ಅಂಗಾಲನ್ನು ಪೂರ್ತಿಯಾಗಿ ಊರಿದರೆ ಶೂ ಕಚ್ಚಿ ನಿಲ್ಲುತ್ತದೆ. ರಾತ್ರಿಯೆಲ್ಲ ಹೆಪ್ಪುಗಟ್ಟಿದ ಹಿಮದ ಮೇಲೆ ಹಾಗೆಯೇ ಊರಿದರೆ ಜಾರುತ್ತದೆ. ಅಲ್ಲಿ ಹತ್ತುವಾಗ ಶೂವಿನ ತುದಿಯಿಂದ ಒದ್ದು ಮೆಟ್ಟಿಲು ಮಾಡಿಕೊಳ್ಳಬೇಕು. ಮೆತ್ತಗಿನ ಹಿಮದಲ್ಲಿ ಇಳಿಯುವಾಗ ಹಿಂದಕ್ಕೆ ವಾಲದೆ, ಹಿಮ್ಮಡಿಯನ್ನು ಬಲವಾಗಿ ನೆಡುತ್ತಾ ನಡೆಯಬೇಕು. ಶೂವಿಗೆ ತೊಡಿಸುವ ಚಿಕ್ಕ ಲೋಹದ ಮುಳ್ಳುಗಳಾದ ಮೈಕ್ರೋಸ್ಪೈಕ್ ನೆರವಾಗುತ್ತದೆ, ಆದರೆ ಕಡಿದಾದ ಗಟ್ಟಿ ಇಳಿಜಾರಿನಲ್ಲಿ ಅದನ್ನೇ ನಂಬುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಕಲಿಯಬೇಕಾದದ್ದು ಜಾರಿದ ಮೈಯನ್ನು ತಡೆದು ನಿಲ್ಲಿಸುವ ವಿದ್ಯೆ. ವೇಗ ಕೂಡಿಕೊಂಡ ಮೇಲೆ ಯಾವ ಉಪಾಯವೂ ಸಾಗದ ಕಾರಣ ಮೊದಲ ಕ್ಷಣದಲ್ಲೇ ಹೊಟ್ಟೆಯ ಮೇಲೆ ಹೊರಳಿ, ತಲೆಯನ್ನು ಇಳಿಜಾರಿನ ಮೇಲ್ಭಾಗದ ಕಡೆಗೆ ಮಾಡಿ, ಹಿಮದ ಕೊಡಲಿಯಾದ ಐಸ್ ಆಕ್ಸ್‌ನ ಚೂಪನ್ನು ಹೆಗಲಿನ ಪಕ್ಕದಲ್ಲಿ ಹಿಮಕ್ಕೆ ಒತ್ತಿ ಎದೆಯ ಭಾರವನ್ನೆಲ್ಲ ಅದರ ಮೇಲೆ ಹಾಕಬೇಕು. ಶೂವಿಗೆ ಲೋಹದ ಮುಳ್ಳು ತೊಡಿಸಿದ್ದರೆ ಮಂಡಿ ಮಡಿಸಿ ಪಾದಗಳನ್ನು ಮೇಲೆತ್ತಿಕೊಳ್ಳಬೇಕು. ಇಲ್ಲವಾದರೆ ಮುಳ್ಳು ಸಿಕ್ಕಿಕೊಂಡು ಮೈ ಪಲ್ಟಿ ಹೊಡೆಯುತ್ತದೆ. ಇದು ವಿಡಿಯೊ ನೋಡಿ ಬರುವ ವಿದ್ಯೆಯಲ್ಲ. ಕೆಳಗೆ ಬಂಡೆಯಾಗಲಿ ಪ್ರಪಾತವಾಗಲಿ ಇಲ್ಲದ ಇಳಿಜಾರಿನಲ್ಲಿ, ಬಲ್ಲವರ ಕಣ್ಣೆದುರಿನಲ್ಲಿ, ಬೇಕೆಂದೇ ಹತ್ತಾರು ಸಲ ಜಾರಿ ಕಲಿಯಬೇಕು. ಆಯೋಜಕರಿಗೆ ಹಣ ಕಟ್ಟುವ ಮೊದಲೇ ಶಿಖರದ ದಿನಕ್ಕೆ ಮುಂಚೆ ಈ ಅಭ್ಯಾಸವನ್ನು ಮಾಡಿಸುತ್ತೀರಾ ಎಂದು ಕೇಳಿ.

ಹಿಮಕುಸಿತವು ಬಹುಮಟ್ಟಿಗೆ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತದೆ. ಆ ಕೋನವನ್ನು ಅಂದಾಜು ಮಾಡುವುದನ್ನು ನೀವು ಊರಿನಲ್ಲೇ ಕಲಿಯಬಹುದು: ಮೊಬೈಲಿನಲ್ಲಿರುವ ಕೋನಮಾಪಕದಿಂದ ಬೆಟ್ಟದ ಬಂಡೆಗಳನ್ನು ಅಳೆಯುತ್ತಾ ಹೋದರೆ ಕಣ್ಣಿಗೆ ರೂಢಿಯಾಗುತ್ತದೆ. ಭಾರಿ ಹಿಮ ಬಿದ್ದ ದಿನವೂ ಮರುದಿನವೂ ಅಂಥ ಇಳಿಜಾರನ್ನು ಮತ್ತು ಅದರ ಬುಡವನ್ನು ತಪ್ಪಿಸಬೇಕು. ಹಿಮದಡಿ ಹೂತವರು ಬದುಕುವ ಸಾಧ್ಯತೆ ಸುಮಾರು ಹದಿನೈದು ನಿಮಿಷಗಳ ಬಳಿಕ ಥಟ್ಟನೆ ಕುಸಿಯುತ್ತದೆ; ಹೊರಗಿನ ನೆರವು ಅಷ್ಟರಲ್ಲಿ ಬರುವುದಿಲ್ಲ. 2022ರ ಅಕ್ಟೋಬರಿನಲ್ಲಿ ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿಕೊಂಡದ್ದು ಪರ್ವತಾರೋಹಣ ತರಬೇತಿಯ ತಂಡವೇ ಎಂಬುದನ್ನು ನೆನಪಿಡಿ.

ಚಳಿಯ ವಿಷಯದಲ್ಲಿ ನಮ್ಮ ಕಡೆಯವರು ಮಾಡುವ ತಪ್ಪು ಒಂದೇ: ನಂದಿಬೆಟ್ಟದ ಮಂಜಿಗೆಂದು ಕೊಂಡ ಹತ್ತಿಯ ಅಂಗಿಯನ್ನೇ ಹಿಮಾಲಯಕ್ಕೂ ತೊಟ್ಟು ಹೋಗುವುದು. ಬೆವರಿನಲ್ಲಿ ನೆನೆದ ಹತ್ತಿಯು ಮೈಬಿಸಿಯನ್ನು ಹೀರುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೆ ಗಾಳಿ ತಡೆಯುವ ಜಾಕೆಟ್ ಇರಲಿ. 2024ರ ಜೂನಿನಲ್ಲಿ, ಅಂದರೆ ಬೇಸಿಗೆಯಲ್ಲೇ, ಉತ್ತರಾಖಂಡದ ಸಹಸ್ರತಾಲದ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಚಾರಣಿಗರು ತೀರಿಕೊಂಡರು. ಹಿಮದಿಂದ ಪ್ರತಿಫಲಿಸುವ ಬೆಳಕು ಕಣ್ಣನ್ನು ಸುಡುವುದರಿಂದ ಕಪ್ಪು ಕನ್ನಡಕವನ್ನು ಮೋಡವಿದ್ದರೂ ತೆಗೆಯಬೇಡಿ.

ನಂದಿಬೆಟ್ಟದ ಎತ್ತರ 1,478 ಮೀಟರ್, ಕೇದಾರಕಂಠದ್ದು ಸುಮಾರು 3,800 ಮೀಟರ್. ಅಷ್ಟು ಎತ್ತರದಲ್ಲಿ ತಲೆನೋವಿನ ಜೊತೆಗೆ ವಾಂತಿಯೂ ಸುಸ್ತೂ ಕಾಣಿಸಿದರೆ ಮುಂದೆ ಹತ್ತಬಾರದು, ಕಡಿಮೆಯಾಗದಿದ್ದರೆ ಕೆಳಗಿಳಿಯಬೇಕು. ಯಾರೊಬ್ಬರು ಹಿಂದಿರುಗೋಣವೆಂದರೂ ಉಳಿದವರು ವಾದಿಸುವಂತಿಲ್ಲವೆಂದು ನಿಮ್ಮ ಗೆಳೆಯರೊಂದಿಗೆ ಚಿಕ್ಕಬಳ್ಳಾಪುರದಲ್ಲೇ ಮಾತಾಡಿಕೊಂಡು ಹೊರಡಿ, ಏಕೆಂದರೆ ಶಿಖರ ಕಣ್ಣಿಗೆ ಬಿದ್ದ ಮೇಲೆ ಆ ಮಾತನ್ನು ಯಾರೂ ಎತ್ತುವುದಿಲ್ಲ.