ಹಾಜರಿ ಎಷ್ಟಿದ್ದರೆ ಸಾಕು ಎಂದು ಕೇಳಿದ ತಾಯಿಗೆ

ಏಳನೆಯ ತರಗತಿಯ ಮಗ, ಕನ್ನಡ ಮಾಧ್ಯಮ, ಅಂಕಕ್ಕೆ ಮೋಸವಿಲ್ಲ. ಯಕ್ಷಗಾನದ ಆಟ ನೋಡಿ ಬಂದ ಮರುದಿನ ತಡವಾಗಿ ಶಾಲೆಗೆ ಹೋಗುತ್ತಾನೆ, ಕೆಲವೊಮ್ಮೆ ಹೋಗುವುದೇ ಇಲ್ಲ. ಶೇ. 75 ಹಾಜರಿ ಇದ್ದರೆ ಸಾಕಲ್ಲವೇ, ಅರ್ಧ ಗಂಟೆ ತಡವಾದರೆ ಏನು ಮಹಾ ನಷ್ಟ ಎಂದು ಕೇಳಿದ್ದೀರಿ. ನಷ್ಟ ಎಷ್ಟೆಂದು ನನಗೆ ಗೊತ್ತು, ಅಕ್ಕ.

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಒಳಗೆ ನಮ್ಮ ಮನೆ. ಅಡಿಕೆ ತೋಟ, ಕರೆಯುವ ಎರಡು ದನ. ನಾನು ಎಂಟನೆಯ ತರಗತಿಗೆ ಹೈಸ್ಕೂಲು ಸೇರಿದ ವರ್ಷ ಅಣ್ಣ ಮಂಗಳೂರಿಗೆ ಕೆಲಸಕ್ಕೆ ಹೋದ. ಹಾಲನ್ನು ಸೊಸೈಟಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಕ್ಯಾನು ಹಿಡಿದು ಗುಡ್ಡೆ ಇಳಿದು, ತೋಡಿನ ಸಂಕ ದಾಟಿ ಹೋಗಬೇಕು. ಅಲ್ಲಿ ಸಾಲು. ಒಬ್ಬೊಬ್ಬರ ಹಾಲಿಗೂ ಲ್ಯಾಕ್ಟೋಮೀಟರ್ ಇಳಿಸಿ ನೋಡಿ, ಅಳೆದು, ಪುಸ್ತಕದಲ್ಲಿ ಬರೆದು ಮುಗಿಯುವಾಗ ಒಂಬತ್ತೂಕಾಲರ ಬಸ್ಸು ಹೋಗಿರುತ್ತಿತ್ತು. ಮುಂದಿನ ಬಸ್ಸಿನಲ್ಲಿ ಹೋದರೆ ಮೊದಲ ಪೀರಿಯಡ್ ಮುಗಿಯಲು ಐದೋ ಹತ್ತೋ ನಿಮಿಷ ಉಳಿದಿರುವಾಗ ತರಗತಿಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನಮ್ಮ ಕಾಲದಲ್ಲಿ ಹತ್ತು ಗಂಟೆಗೆ ಬೆಲ್.

ಮೊದಲ ಕೆಲವು ದಿನ ಹಾಜರಿ ಹೋಯಿತು. ಅಪ್ಪನಿಗೆ ಚಿಂತೆಯಾಯಿತು. ಒಂದು ದಿನ ಕದಳಿ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಶಾಲೆಗೆ ಬಂದು ಕ್ಲಾಸ್ ಮಾಸ್ತರರ ಹತ್ತಿರ ಕೈಮುಗಿದು ಹೇಳಿದರು: "ಹುಡುಗ ಉಡಾಫೆಯಿಂದ ತಡ ಮಾಡುವುದಲ್ಲ ಮಾಸ್ತರರೇ, ಮನೆಯ ಕೆಲಸ. ಅವನ ಹಾಜರಿ ಮಾತ್ರ ತಪ್ಪಿಸಬೇಡಿ." ಮಾಸ್ತರರು ಒಳ್ಳೆಯವರು, ಒಪ್ಪಿದರು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ ಬಂದವರಿಗೆ ಒಂದು ಓರೆಗೆರೆ, ಮಧ್ಯಾಹ್ನದ ಮೇಲೆ ಅದಕ್ಕೆ ಅಡ್ಡವಾಗಿ ಇನ್ನೊಂದು ಗೆರೆ. ನಾನು ಬಂದು ನಿಂತ ಕೂಡಲೇ ಅವರು ಪುಸ್ತಕ ಬಿಡಿಸಿ, ನನ್ನ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದ ಚೌಕದಲ್ಲಿ ಗೆರೆ ಎಳೆಯುತ್ತಿದ್ದರು. ವರ್ಷದ ಕೊನೆಗೆ ನನ್ನ ಹಾಜರಿ ತರಗತಿಯ ಒಳ್ಳೆಯ ಹಾಜರಿಗಳಲ್ಲಿ ಒಂದು.

ನಮ್ಮ ತಪ್ಪು ಅದೇ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದೇ ಬಾಗಿಲು ತಟ್ಟಲು ಹೊರಟಂತೆ ಕಾಣುತ್ತದೆ. ನಾವು ಕೇಳಿದ್ದು ಹಾಜರಿಯನ್ನು, ಸಿಕ್ಕಿದ್ದೂ ಹಾಜರಿಯೇ. ಪಾಠ ಯಾರೂ ಕೊಡಲಿಲ್ಲ, ನಾವು ಕೇಳಲೂ ಇಲ್ಲ. ದಿನಕ್ಕೆ ಏಳು ಪೀರಿಯಡ್, ಒಂದು ಹೋದರೆ ಆರು ಉಳಿಯಿತು ಎಂಬುದು ಅಪ್ಪನ ಲೆಕ್ಕ. ಆ ಲೆಕ್ಕ ತಪ್ಪು. ಮೊದಲ ಪೀರಿಯಡಿನಲ್ಲಿ ಹಾಜರಿ ಕರೆಯಬೇಕಾದವರು ಕ್ಲಾಸ್ ಅಧ್ಯಾಪಕರು. ಹಾಗಾಗಿ ಬಹುತೇಕ ಎಲ್ಲ ಶಾಲೆಗಳಲ್ಲೂ ವಾರದ ಹೆಚ್ಚಿನ ದಿನ ಮೊದಲ ಪೀರಿಯಡ್ ಅವರದೇ ವಿಷಯ. ನಮ್ಮ ಕ್ಲಾಸ್ ಮಾಸ್ತರರದು ಗಣಿತ. ಎಲ್ಲ ವಿಷಯಗಳಿಂದ ಸ್ವಲ್ಪ ಸ್ವಲ್ಪ ಹೋಗಿದ್ದರೆ ಹೇಗಾದರೂ ತುಂಬಿಸಿಕೊಳ್ಳಬಹುದಿತ್ತು. ತಡವಾಗಿ ಬರುವವನಿಗೆ ಹಾಗೆ ಹೋಗುವುದಿಲ್ಲ. ಒಂದು ವಿಷಯ ಇಡಿಯಾಗಿ ಹೋಗುತ್ತದೆ, ಉಳಿದವು ಸರಿಯಾಗಿಯೇ ಇರುತ್ತವೆ. ಉಳಿದವು ಸರಿ ಇರುವುದರಿಂದಲೇ ಮನೆಯವರಿಗೆ ಅನುಮಾನ ಬರುವುದಿಲ್ಲ. ಕನ್ನಡದಲ್ಲಿ, ಸಮಾಜದಲ್ಲಿ ನನಗೆ ಒಳ್ಳೆಯ ಅಂಕ. ಗಣಿತ ಮಾತ್ರ ಇಳಿಯಿತು. "ಅವನಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ" ಎಂದು ಮನೆಯಲ್ಲಿ ತೀರ್ಮಾನವಾಯಿತು. ನಾನೂ ಅದನ್ನು ನಂಬಿದೆ. ಅದು ಎಲ್ಲಕ್ಕಿಂತ ಕೆಟ್ಟದ್ದು.

ಒಂದು ದಿನದ್ದು ಹೇಳುತ್ತೇನೆ. ಎರಡು ಸಂಖ್ಯೆಗಳ ಮೊತ್ತದ ವರ್ಗದ ಸೂತ್ರದ ಪಾಠ. ಮಾಸ್ತರರು ಕರಿಹಲಗೆಯಲ್ಲಿ ದೊಡ್ಡ ಚೌಕ ಬಿಡಿಸಿ, ಅದನ್ನು ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ನಾಲ್ಕು ತುಂಡು ಮಾಡಿ, ಎರಡು ಚೌಕ, ಎರಡು ಆಯತ, ಆಯತಗಳೆರಡೂ ಒಂದೇ ಅಳತೆಯವು ಎಂದು ತೋರಿಸಿದ್ದರಂತೆ. ನಾನು ಹೋಗಿ ಕುಳಿತಾಗ ಡಸ್ಟರಿನಿಂದ ಚಿತ್ರ ಒರೆಸಿ ಆಗಿತ್ತು. ಕೆಳಗೆ ಚೌಕಟ್ಟಿನೊಳಗೆ ಸೂತ್ರ ಮಾತ್ರ ಉಳಿದಿತ್ತು. ಬರೆದುಕೊಂಡೆ, ಬಾಯಿಪಾಠ ಮಾಡಿದೆ. ನಡುವಿನ 'ಎರಡು ಎಬಿ' ಎಲ್ಲಿಂದ ಬಂತು ಎಂಬುದು ನನಗೆ ತಿಳಿಯಲೇ ಇಲ್ಲ. ಹತ್ತನೆಯಲ್ಲಿ ವರ್ಗ ಪೂರ್ಣಗೊಳಿಸಿ ಸಮೀಕರಣ ಬಿಡಿಸುವ ಪಾಠ ಬಂದಾಗ ಉಳಿದ ಮಕ್ಕಳಿಗೆ ಅದು ಅದೇ ಹಳೆಯ ಚೌಕ. ನನಗೆ ಅದು ಹೊಸದಾಗಿ ಉರು ಹೊಡೆಯಬೇಕಾದ ಇನ್ನೊಂದು ವಿಷಯ. ಗಣಿತದಲ್ಲಿ ಒಂದು ಪಾಠ ಬಿಟ್ಟರೆ ನಷ್ಟ ಆ ಪಾಠಕ್ಕೆ ನಿಲ್ಲುವುದಿಲ್ಲ.

ಪೂರ್ತಿ ರಜೆ ಹಾಕಿದ ದಿನಗಳೂ ನನಗಿದ್ದವು. ಶಾಲೆ ತೆರೆಯುವುದು ಜೂನಿನಲ್ಲಿ, ಮಳೆ ಗಟ್ಟಿಯಾಗಿ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಬೇಕಾದದ್ದೂ ಅದೇ ಹೊತ್ತಿಗೆ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣ. ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಕತ್ತಿಯ ಅಲಗು ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದಿದ್ದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಆ ಕೆಂಪು ಏಕೆ ಬರುತ್ತದೆ ಎಂದು ಅಪ್ಪನನ್ನು ಕೇಳಿ ಕೇಳಿ, ಕೃಷಿ ವಿಜ್ಞಾನ ಓದಬೇಕು, ಪಡನ್ನಕ್ಕಾಡಿನ ಕೃಷಿ ಕಾಲೇಜಿಗೆ ಸೇರಬೇಕು ಎಂಬ ಆಸೆ ನನಗೆ ಹುಟ್ಟಿದ್ದು. ಆ ರಜೆಗಳ ನಷ್ಟವನ್ನು ನಾನು ತುಂಬಿಸಿಕೊಂಡಿದ್ದೆ ಎಂಬುದನ್ನು ಗಮನಿಸಿ. ರಜೆ ಹಾಕಿದ್ದು ಮನೆಗೂ ಗೊತ್ತು, ಶಾಲೆಗೂ ಗೊತ್ತು. ಅಮ್ಮ ಪಕ್ಕದ ಮನೆಯ ಹುಡುಗನ ನೋಟ್ಸು ತರಿಸುತ್ತಿದ್ದರು, ಮಾಸ್ತರರು ಕರೆದು ಕೇಳುತ್ತಿದ್ದರು. ತಡವಾಗಿ ಬಂದ ದಿನಗಳ ಬಗ್ಗೆ ಯಾರೂ ಕೇಳಲಿಲ್ಲ, ಏಕೆಂದರೆ ಪುಸ್ತಕದಲ್ಲಿ ನಾನು ಬಂದವನು. ನೀವು ತಡವನ್ನು ಸಣ್ಣದು, ರಜೆಯನ್ನು ದೊಡ್ಡದು ಎಂದು ಎಣಿಸಿದ್ದೀರಿ. ನನ್ನ ಅನುಭವದಲ್ಲಿ ರೂಢಿಯಾದ ತಡವೇ ಹೆಚ್ಚು ಅಪಾಯ.

ಎಸ್ಸೆಸ್ಸೆಲ್ಸಿ ಪಾಸಾದೆ. ಗಣಿತದ ಗ್ರೇಡು ಅಂಚಿನಲ್ಲಿ ದಾಟಿತು. ಪ್ಲಸ್ ವನ್, ಅಂದರೆ ಹನ್ನೊಂದನೆಯ ತರಗತಿಯ ಏಕಗವಾಕ್ಷಿ ಪ್ರವೇಶದಲ್ಲಿ ಗ್ರೇಡುಗಳ ಮೇಲೆಯೇ ಲೆಕ್ಕ. ವಿಜ್ಞಾನ ವಿಭಾಗಕ್ಕೆ ಗಣಿತ, ವಿಜ್ಞಾನದ ಗ್ರೇಡಿಗೆ ತೂಕ ಜಾಸ್ತಿ. ನನಗೆ ವಿಜ್ಞಾನ ಸಿಗಲಿಲ್ಲ, ಮಾನವಿಕ ವಿಭಾಗ ಸಿಕ್ಕಿತು. ಪ್ಲಸ್ ಟೂನಲ್ಲಿ ವಿಜ್ಞಾನ ಓದದವನಿಗೆ ಕೃಷಿ ಕಾಲೇಜು ಇಲ್ಲ. ಈಗ ಒಂದು ಸಹಕಾರಿ ಸಂಘದ ಗೊಬ್ಬರದ ಡಿಪೋದಲ್ಲಿ ಕೆಲಸ ಮಾಡುತ್ತೇನೆ, ತೋಟವೂ ಇದೆ, ಊಟಕ್ಕೆ ಕೊರತೆಯಿಲ್ಲ. ಆದರೂ ರೋಗ ಬಿದ್ದ ಅಡಿಕೆಯ ಹಿಂಗಾರ (ಹೂಗೊನೆ) ಹಿಡಿದು ಬರುವವರಿಗೆ ಪುಸ್ತಕ ನೋಡಿ ಮದ್ದು ಹೇಳುವಾಗ ನನಗೆ ಬೇಸರವಾಗುತ್ತದೆ. ಇದನ್ನು ಓದಿ ತಿಳಿದು ಹೇಳುವವನು ನಾನಾಗಬಹುದಿತ್ತು.

ಟ್ಯೂಷನ್ ಹಾಕಿ ಸರಿಮಾಡಿಕೊಳ್ಳಬಹುದು ಎಂದು ಯಾರಾದರೂ ನಿಮಗೆ ಹೇಳಬಹುದು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಗುವಿಗೆ ಅದು ಸುಲಭವಿಲ್ಲ. ಪೇಟೆಯ ಟ್ಯೂಷನ್ ಸೆಂಟರುಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಪುತ್ತೂರಿನಿಂದ, ಮಂಗಳೂರಿನಿಂದ ಕನ್ನಡದ ಗೈಡು ತಂದರೆ ಅದು ಕರ್ನಾಟಕದ ಪಠ್ಯಕ್ಕೆ ಬರೆದದ್ದು, ಕೇರಳದ ಪಾಠಗಳಿಗೆ ಹೊಂದುವುದಿಲ್ಲ. ನಮ್ಮ ಮಕ್ಕಳಿಗೆ ಈ ಪಠ್ಯವನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳುವವರು ಸಿಗುವ ಜಾಗ ತರಗತಿಯೊಂದೇ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗ ಇಲ್ಲಿನ ತಂದೆತಾಯಿ ಬೀದಿಗಿಳಿದು ಹೋರಾಡಿದ್ದಾರೆ. ಕನ್ನಡ ಬಲ್ಲ ಅಧ್ಯಾಪಕರು ಬಂದು ನಿಂತಿರುವಾಗ ಮಗು ಬೆಂಚಿನಲ್ಲಿ ಇರದಿದ್ದರೆ ಆ ಹೋರಾಟಕ್ಕೆ ಏನು ಬೆಲೆ?

ಇನ್ನು ನಿಮ್ಮ ಶೇ. 75ರ ಮಾತು. ಅದನ್ನು ಗುರಿ ಎಂದು ಇಟ್ಟುಕೊಳ್ಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನ, 1000 ಗಂಟೆಯ ಬೋಧನೆ ಇರಬೇಕು. 220ರಲ್ಲಿ ಕಾಲು ಭಾಗ ಎಂದರೆ 55 ದಿನ. ವಾರಕ್ಕೆ ಐದು ದಿನದಂತೆ 11 ವಾರ. ಎರಡೂವರೆ ತಿಂಗಳು ಮಗ ಶಾಲೆಯ ಕಡೆ ತಲೆ ಹಾಕದಿದ್ದರೂ ಚಿಂತೆಯಿಲ್ಲ ಎಂದು ನೀವು ಹೇಳಿದಂತಾಯಿತು. ತಡದ ಲೆಕ್ಕವನ್ನೂ ಮಾಡಿ: ದಿನವೂ ನಲವತ್ತು ನಿಮಿಷ ತಪ್ಪಿದರೆ 220 ದಿನಕ್ಕೆ 146 ಗಂಟೆ ದಾಟುತ್ತದೆ. ಸಾವಿರ ಗಂಟೆಯಲ್ಲಿ ಏಳನೆಯ ಒಂದು ಪಾಲು, ಅದೂ ಒಂದೇ ವಿಷಯದ್ದು. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಕೊಡುವ ರಜೆಗಳು ಹೇಗೂ ಬರುತ್ತವೆ. ಅದರ ಮೇಲೆ ಮನೆಯ ರಜೆಗಳನ್ನು ಪೇರಿಸಬೇಡಿ.

ಇನ್ನೊಂದು ವಿಷಯ, ನೀವು ಕೇಳಿರದಿದ್ದರೂ ಹೇಳುತ್ತೇನೆ. ಜೂನಿನ ಮೊದಲ ವಾರ ನೆಂಟರ ಮನೆಯಲ್ಲೇ ಕಳೆಯುವ ಅಭ್ಯಾಸ ನಮ್ಮಲ್ಲಿದೆ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯನ್ನು ಹಿಡಿದು ಅಧ್ಯಾಪಕರ ಹುದ್ದೆ ನಿರ್ಣಯವಾಗುತ್ತದೆ. ಟಿಸಿ ತಂದು ಸೇರಿಸುವುದನ್ನು "ಎರಡನೆಯ ವಾರ ನೋಡೋಣ" ಎಂದು ಮುಂದೂಡುವ ನಾಲ್ಕು ಮನೆಗಳಿದ್ದರೆ ಸಣ್ಣ ಕನ್ನಡ ಶಾಲೆಯಲ್ಲಿ ಒಂದು ಡಿವಿಷನ್ನೇ ಹೋಗಬಹುದು. ನಿಮ್ಮ ಮಗ ಮುಂದಿನ ವರ್ಷ ಹೈಸ್ಕೂಲಿಗೆ ಶಾಲೆ ಬದಲಿಸುವವನಾದರೆ ಈ ದಿನವನ್ನು ಮರೆಯಬೇಡಿ.

ಯಕ್ಷಗಾನ ಬಿಡಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬನ ಊರಿನವರು ನಾವು. ಚೆಂಡೆಯ ಸದ್ದಿಗೆ ಎದ್ದು ಕೂರುವ ಹುಡುಗ ನಿಮ್ಮ ಮನೆಯಲ್ಲಿದ್ದರೆ ಸಂತೋಷಪಡಿ. ಆದರೆ ಆಟವೇ ತಡಕ್ಕೆ ಕಾರಣ ಎಂಬ ನಿಮ್ಮ ಮಾತನ್ನು ಒಪ್ಪಲಾರೆ. ದೀಪಾವಳಿಯ ನಂತರ ಮೇ ಕೊನೆಯ ಪತ್ತನಾಜೆಯವರೆಗೆ ಮೇಳಗಳು ತಿರುಗುತ್ತಲೇ ಇರುತ್ತವೆ, ಅವುಗಳಲ್ಲಿ ಶುಕ್ರವಾರ, ಶನಿವಾರ ರಾತ್ರಿಯ ಆಟಗಳಿಗೆ ಏನು ಕಡಿಮೆ? ನಡುರಾತ್ರಿಗೆ ಮುಗಿಯುವ ಕಾಲಮಿತಿಯ ಪ್ರಯೋಗಗಳೂ ಈಗ ಬೇಕಾದಷ್ಟಿವೆ. ವಾರದ ನಡುವೆ ಪೂರ್ತಿ ರಾತ್ರಿಯ ಆಟಕ್ಕೆ ಹನ್ನೆರಡು ವರ್ಷದ ಹುಡುಗನನ್ನು ಕರೆದುಕೊಂಡು ಹೋಗುವವರು ದೊಡ್ಡವರು. ಮಾತನಾಡಬೇಕಾದದ್ದು ಅವರ ಹತ್ತಿರ. ವೇಷ ಕಟ್ಟುವವರಿಗೆ ಚೌಕಿಗೆ (ಬಣ್ಣ ಹಚ್ಚುವ ಜಾಗಕ್ಕೆ) ಹೊತ್ತಿಗೆ ಸರಿಯಾಗಿ ಬರಬೇಕೆಂಬ ಶಿಸ್ತು ಇದೆಯಲ್ಲ, ಅದನ್ನು ಭಾಗವತರ ಬಾಯಿಂದಲೇ ಮಗನಿಗೆ ಹೇಳಿಸಿ. ನಿಮ್ಮ ಮಾತಿಗಿಂತ ಬೇಗ ನಾಟುತ್ತದೆ.

ನಮ್ಮ ಮನೆಯ ಸಮಸ್ಯೆಗೂ ಪರಿಹಾರ ಇತ್ತು ಎಂಬುದು ಈಗ ಕಾಣುತ್ತದೆ. ಸೊಸೈಟಿಗೆ ಹೋಗುವ ನೆರೆಮನೆಯವರ ಕೈಯಲ್ಲಿ ಕ್ಯಾನು ಕಳುಹಿಸಿದ್ದರೆ ಮುಗಿಯುತ್ತಿತ್ತು. ನನ್ನ ಮಗಳು ಶಾಲೆ ಸೇರಿದ ವರ್ಷ ನಾನು ಮಾಡಿದ್ದು ಅದನ್ನೇ. ಒಪ್ಪಿಸಲು ಎರಡು ಮಾತೂ ಬೇಕಾಗಲಿಲ್ಲ. ಅಪ್ಪನಿಗೆ ಅದು ಹೊಳೆಯಲಿಲ್ಲ, ಏಕೆಂದರೆ ಹಾಜರಿ ಸಿಕ್ಕಿದ ದಿನವೇ ಅವರ ಪಾಲಿಗೆ ಸಮಸ್ಯೆ ಬಗೆಹರಿದಿತ್ತು.

ಹಾಗಾಗಿ ಕ್ಲಾಸ್ ಟೀಚರ ಹತ್ತಿರ ಹೋಗಿ, ಆದರೆ ಹಾಜರಿ ಕೊಡಿ ಎಂದು ಕೇಳಬೇಡಿ. ತಡವಾಗಿ ಬಂದರೆ ತಡವೆಂದೇ ಬರೆಯಿರಿ, ಆ ದಿನವೇ ನನಗೆ ಫೋನು ಮಾಡಿ ಎಂದು ಕೇಳಿಕೊಳ್ಳಿ. ಹೈಸ್ಕೂಲಿನಲ್ಲಿ ಇದು ಇನ್ನೂ ಮುಖ್ಯ. 2025ರಲ್ಲಿ ಕೇರಳ ಸರ್ಕಾರ ಹೈಸ್ಕೂಲಿನ ಸಮಯಕ್ಕೆ ಶುಕ್ರವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಸೇರಿಸಿತು. ಹತ್ತರ ಬೆಲ್ ಒಂಬತ್ತೂಮುಕ್ಕಾಲಕ್ಕೆ ಬಂದಿದೆ. ಈಗಿನ ಬಸ್ಸು ಆ ಹೊತ್ತಿಗೆ ಮುಟ್ಟುತ್ತದೆಯೇ ಎಂದು ಮೇ ತಿಂಗಳಲ್ಲೇ ನೋಡಿಟ್ಟುಕೊಳ್ಳಿ. ಜೂನಿನಲ್ಲಿ ಮಳೆಯ ನಡುವೆ ನೋಡಲು ಹೋದರೆ ಮೊದಲ ತಿಂಗಳು ಹಾಗೆಯೇ ಕಳೆದುಹೋಗುತ್ತದೆ.

ಇವತ್ತು ಸಂಜೆ ಅವನ ಟೈಮ್‌ಟೇಬಲ್ ತೆಗೆದು ಮೊದಲ ಪೀರಿಯಡ್ ಯಾವುದೆಂದು ನೋಡಿ. ಆ ವಿಷಯದ ನೋಟ್ಸು ಬಿಡಿಸಿ, ತಡವಾಗಿ ಹೋದ ದಿನಗಳ ಪುಟಗಳಲ್ಲಿ ಏನಿದೆ ಎಂದು ಅವನ ಬಾಯಿಂದಲೇ ಕೇಳಿ. ಉತ್ತರ ಮಾತ್ರ ಹೇಳಿದರೆ ಬಿಡಬೇಡಿ, ಹೇಗೆ ಬಂತು ಎಂದು ಕೇಳಿ. ಎಲ್ಲಿ ತಡವರಿಸುತ್ತಾನೋ ಆ ಪಾಠದ ಹೆಸರನ್ನು ಇಲ್ಲಿ ಬರೆಯಿರಿ. ಗಣಿತವಾದರೆ ಮಗಳ ಹಳೆಯ ಪಠ್ಯಪುಸ್ತಕಗಳು ನಮ್ಮ ಮನೆಯಲ್ಲಿವೆ, ಯಾವ ಪುಟದಿಂದ ಮತ್ತೆ ಹಿಡಿಯಬೇಕೆಂದು ನೋಡಿ ತಿಳಿಸುತ್ತೇನೆ.