ಖಾಲಿ ಚೆಕ್ಕಿಗೆ ಸಹಿ ಬೇಡ, ಮೇಷ್ಟ್ರೇ

ಚಿಂತಾಮಣಿಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ನಿಗಮ, ಮಂಡಳಿ, ಪಂಚಾಯ್ತಿಗಳಲ್ಲಿ ಆಡಿಟ್ಟು, ಮೂರು ಸಹಿ, ಟೆಂಡರು ಅಂತ ಕೆಲಸವೇ ಸಾಗುವುದಿಲ್ಲ. ಕಳ್ಳನಿಗೆ ಇದ್ಯಾವುದೂ ಅಡ್ಡಿಯಲ್ಲ, ಒಳ್ಳೆಯವನ ಕೈ ಮಾತ್ರ ಕಟ್ಟುತ್ತದೆ. ವಿಶ್ವೇಶ್ವರಯ್ಯನವರಂಥ ಒಬ್ಬರನ್ನು ಕೂರಿಸಿ, ಸಾಕು.’

ಸಂಪಾದಕರ ಉತ್ತರ: ಮೇಷ್ಟ್ರೇ, ತಡವಾಗುತ್ತದೆ ಅನ್ನುವುದು ನಿಜ. ಬೋರ್‌ವೆಲ್ಲಿನ ಮೋಟಾರು ಸುಟ್ಟಾಗ ಫೈಲು ಹದಿನೈದು ದಿನ ಓಡಾಡಿದರೆ ಊರು ಬಾಯಾರಿ ಕೂರುತ್ತದೆ. ಅಷ್ಟು ಒಪ್ಪಿದೆ. ಉಳಿದದ್ದಕ್ಕೆಲ್ಲ ನನ್ನ ತಕರಾರಿದೆ.

ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಪಕ್ಕದಲ್ಲೇ ಇದೆ. ಸರ್ಕಾರದ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತದ್ದಕ್ಕೆ ಇನ್ನೊಂದು ಅನ್ನುವ ಕಥೆಯನ್ನು ನೀವೂ ಕ್ಲಾಸಿನಲ್ಲಿ ಹೇಳಿರುತ್ತೀರಿ. ಮಕ್ಕಳಿಗೆ ಹೇಳಬೇಕಾದ ಕಥೆಯೇ. ಆದರೆ ಅವರು ಮೈಸೂರಿನ ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಒಳ್ಳೆಯ ಅಧಿಕಾರಿಗೂ ನಾಳೆ ವರ್ಗವಾಗುತ್ತದೆ. ಅವರ ಒಳ್ಳೆಯತನವೂ ಅವರ ಜೊತೆಗೇ ಬಸ್ಸು ಹತ್ತುತ್ತದೆ. ಚೆಕ್ ಪುಸ್ತಕ ಮಾತ್ರ ಇಲ್ಲೇ ಉಳಿಯುತ್ತದೆ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ನಾನು ಷೇರು ಕಟ್ಟಿದ್ದ ಒಂದು ಸಂಘಕ್ಕೆ ಸಾಲದ ಅರ್ಜಿ ಕೊಡಲು ಹೋಗಿದ್ದೆ. ಕಾರ್ಯದರ್ಶಿ ಡ್ರಾಯರ್ ಎಳೆದ. ಚೆಕ್ ಪುಸ್ತಕ ಬಿಚ್ಚಿಕೊಂಡೇ ಬಿದ್ದಿತ್ತು. ಉಳಿದಿದ್ದ ಹಾಳೆಗಳಿಗೆಲ್ಲ ಅಧ್ಯಕ್ಷರ ಸಹಿ ಆಗಿತ್ತು. ಹೆಸರಿನ ಜಾಗ ಖಾಲಿ, ಮೊತ್ತದ ಜಾಗವೂ ಖಾಲಿ. ಅಧ್ಯಕ್ಷರು ಸಂಘದ ದುಡ್ಡಲ್ಲಿ ಒಂದು ಕಾಫಿ ಕುಡಿದವರಲ್ಲ. ಕೇಳಿದ್ದಕ್ಕೆ, ‘ತೋಟದ ಕೆಲಸ, ದಿನಾ ಬರೋಕಾಗಲ್ಲ. ನಮ್ಮ ಹುಡುಗನೇ ಅಲ್ವಾ’ ಅಂದರು. ಲೆಕ್ಕ ಬರೆಯುವವನೂ ಆ ಹುಡುಗನೇ, ಬ್ಯಾಂಕಿಗೆ ಹೋಗುವವನೂ ಅವನೇ, ಪಾಸ್‌ಬುಕ್ ಇದ್ದದ್ದೂ ಅವನ ಹತ್ತಿರವೇ. ಎರಡು ವರ್ಷಕ್ಕೆ ದುಡ್ಡು ಕಾಣೆಯಾಯಿತು. ಸಹಿ ಅಧ್ಯಕ್ಷರದ್ದು, ನೋಟೀಸೂ ಅವರಿಗೇ ಬಂತು. ಕೆರೆ ಕೆಳಗಿನ ಗದ್ದೆ ಮಾರಿ ಕಟ್ಟಿದರು. ಒಳ್ಳೆಯವರ ಕೈ ಕಟ್ಟುತ್ತದೆ ಅಂದಿರಲ್ಲ, ಅವತ್ತು ಕಟ್ಟಿದ್ದರೆ ಆ ಗದ್ದೆ ಉಳಿಯುತ್ತಿತ್ತು.

ನಿಮ್ಮೂರ ಹಾಲಿನ ಡೈರಿಯನ್ನೇ ನೋಡಿ. ಹಾಲು ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ಚೀಟಿ ನಿಮ್ಮ ಕೈಗೆ ಬರುತ್ತದೆ. ಅದೇ ಹಾಲು ಒಕ್ಕೂಟಕ್ಕೆ ಹೋದಾಗ ಮತ್ತೆ ಅಳತೆ, ಮತ್ತೆ ಪರೀಕ್ಷೆ. ಎರಡೂ ತಾಳೆಯಾಗಬೇಕು. ಒಂದು ಸೀಮೆಹಸು ಕಟ್ಟಿಕೊಂಡ ಅಜ್ಜಿಯೂ ಇದನ್ನು ಅವಮಾನ ಅಂದುಕೊಳ್ಳುವುದಿಲ್ಲ. ಚೀಟಿ ಕೊಡದಿದ್ದರೆ ಜಗಳಕ್ಕೇ ನಿಲ್ಲುತ್ತಾಳೆ. ಕೋಟಿಗಟ್ಟಲೆ ದುಡ್ಡಿರುವ ನಿಗಮಕ್ಕೆ ಇದೇ ಕ್ರಮ ಯಾಕೆ ಭಾರ?

2024ರಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಕೋಟಿಗಟ್ಟಲೆ ಹಣ ಯಾರ್ಯಾರದೋ ಖಾತೆಗೆ ಹೋದದ್ದನ್ನು ಓದಿದೆವು. ಅಲ್ಲಿನ ಅಧೀಕ್ಷಕರೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ಬ್ಯಾಂಕಿನ ಲೆಕ್ಕವನ್ನೂ ಕಚೇರಿಯ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಒಂದು ಬೆಳಗಿನ ಕೆಲಸ. ಅದನ್ನು ತಪ್ಪದೆ ಮಾಡಿಸುವವರು ಬೇಕು. ನಿಗಮದ ಅಧ್ಯಕ್ಷಗಿರಿಯನ್ನು ಮಂತ್ರಿಗಿರಿ ಸಿಗದವರಿಗೆ ಸಮಾಧಾನಕ್ಕೆ ಕೊಡುತ್ತಾರೆ. ಬೋರ್ಡ್ ಮೀಟಿಂಗಿನಲ್ಲಿ ಲೆಕ್ಕ ಕೇಳುವವರು ಯಾರು? ಕಂಪನಿ ಕಾಯ್ದೆಯಡಿ ಇರುವ ನಿಗಮ ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕವನ್ನು ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆಯ ಮುಂದಿಡಬೇಕು. ವರ್ಷಗಟ್ಟಲೆ ಇಡದವರೂ ಇದ್ದಾರೆ. ಆಡಿಟ್ ಆಕ್ಷೇಪಣೆಗೆ ‘ಕ್ರಮ ವಹಿಸಲಾಗುವುದು’ ಅಂತ ಒಂದು ಸಾಲು ಗೀಚಿ ಕಳಿಸುತ್ತಾರೆ. ಮುಂದಿನ ವರ್ಷ ಅದೇ ಆಕ್ಷೇಪಣೆ, ಅದೇ ಸಾಲು. ಇದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ನೀವು ನಲವತ್ತು ಮಕ್ಕಳ ಹಾಜರಿಯನ್ನು ದಿನಾ ಕೂಗಿದವರು. ಮಕ್ಕಳ ಮೇಲೆ ಅನುಮಾನ ಇತ್ತು ಅಂತಲೇ? ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯ್ತಿಗಳಲ್ಲಿ ಜಮಾಬಂದಿ, ಅಂದರೆ ವರ್ಷದ ಲೆಕ್ಕವನ್ನು ಊರವರ ಮುಂದಿಟ್ಟು ನೋಡುವ ಸಭೆ, ನಡೆಯುತ್ತದೆ. ಈ ಸಲ ಸುಮ್ನೆ ಕೂತು ಬರಬೇಡಿ. ಕ್ಯಾಷ್ ಬುಕ್, ವೋಚರ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಒಂದೇ ಮೇಜಿನ ಮೇಲೆ ಇಡಿಸಿ. ಕನ್ನಡಕ ಮರೆಯದೆ ಒಯ್ಯಿರಿ. ಅಲ್ಲಿ ಕಂಡದ್ದನ್ನು ನನಗೆ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇನೆ.