ನಿನ್ನ ‘ಮೂರು’ ಅವರಿಗೆ ‘ಮರ’ ಆಗುವುದೇಕೆ

ಬದಿಯಡ್ಕದ ತಮ್ಮಾ, ಚಳಿ, ಬಾಡಿಗೆ, ಅಕ್ಕಿಯ ಬೆಲೆ ಎಲ್ಲವನ್ನೂ ಬಿಟ್ಟು ‘ನಾನು ತ್ರೀ ಎಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಟ್ರೀ ಎಂದು ಕೇಳಿಸುತ್ತದಂತೆ, ನಾಲಿಗೆಯನ್ನು ಎಲ್ಲಿಡಲಿ?’ ಎಂದು ಕೇಳಿದ್ದೀಯಲ್ಲ, ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ನನ್ನದೂ ಅದೇ ಗೋಳು. ಫೋನಿನಲ್ಲಿ ಮನೆ ಸಂಖ್ಯೆ 33 ಎಂದು ಹೇಳಿ ಹೇಳಿ ಸಾಕಾಗಿ, ‘32ರ ಪಕ್ಕದ್ದು’ ಎಂದುಬಿಟ್ಟೆ. ಇಲ್ಲಿ ಸಾಮಾನ್ಯವಾಗಿ ಸಮಸಂಖ್ಯೆಯ ಮನೆಗಳು ರಸ್ತೆಯ ಆಚೆ ಬದಿಗೆ. ಪಾರ್ಸೆಲ್ ಎದುರುಮನೆಯವರ ಪಾಲಾಯಿತು.

ನಮ್ಮ ತ, ಥ ಎರಡೂ ಹಲ್ಲಿನ ಹಿಂದೆ ಗಾಳಿಯನ್ನು ಕಟ್ಟಿ ಬಿಡುವ ಅಕ್ಷರಗಳು. ಇವರ ‘ಥ’ದಲ್ಲಿ ಕಟ್ಟುವುದೇ ಇಲ್ಲ. ನಾಲಿಗೆಯ ತುದಿಯನ್ನು ಮೇಲ್ಹಲ್ಲಿನ ಅಂಚಿಗೆ ತಾಗಿಯೂ ತಾಗದ ಹಾಗೆ ಇಟ್ಟು, ತೂತಾದ ಸೈಕಲ್ ಟ್ಯೂಬಿನಂತೆ ಉಸಿರು ಸೋರಲು ಬಿಡು. ತಕಾರವನ್ನು ಎಳೆಯಲು ಬರುವುದಿಲ್ಲ. ಇದನ್ನು ಉಸಿರು ಮುಗಿಯುವ ತನಕ ಎಳೆಯಬಹುದು. ಹಾಗೆ ಸೋರುತ್ತಿರುವಾಗಲೇ ನಾಲಿಗೆಯನ್ನು ಹಿಂದಕ್ಕೆ ಜಾರಿಸಿ ರಕಾರಕ್ಕೆ ಹೋಗು. ನಡುವೆ ಒಂದು ಕ್ಷಣ ಮುಚ್ಚಿದೆಯೋ, ಅವರ ಕಿವಿಗೆ ಮರವೇ. ಅವರ ಬಾಯಲ್ಲಿ ಆ ಮರ ಹೆಚ್ಚುಕಡಿಮೆ ‘ಚ್ರೀ’ ಎಂದೇ ಬರುತ್ತದೆ, ಗಮನಿಸು.

ಇನ್ನು ‘ಟ’. ನಾವು ನಾಲಿಗೆಯನ್ನು ಮಡಚಿ ಅಂಗುಳಿಗೆ ಕೊಡುತ್ತೇವೆ. ಇವರದ್ದು ಮೇಲ್ಹಲ್ಲಿನ ಹಿಂದಿರುವ ಒಸಡಿನ ದಿಬ್ಬಕ್ಕೆ. ಬೆಂಗಳೂರಿನವರು ಇದನ್ನು ಹೊಸದಾಗಿ ಕಲಿಯಬೇಕಾದೀತು, ಕಾಸರಗೋಡಿನ ನಿನಗೆ ಆ ಕಷ್ಟವಿಲ್ಲ. ಮಲಯಾಳದಲ್ಲಿ ಗಾಳಿಗೆ ‘ಕಾಟ್ಟ್’, ಹಾಡಿಗೆ ‘ಪಾಟ್ಟ್’ ಎನ್ನುತ್ತೇವಲ್ಲ, ಎರಡನ್ನೂ ಒಂದರ ಹಿಂದೊಂದು ಹೇಳಿ ನೋಡು. ಕನ್ನಡ ಲಿಪಿಯಲ್ಲಿ ಒಂದೇ ಟಕಾರ, ಬಾಯಲ್ಲಿ ಎರಡು ಜಾಗ. ಹಾಡಿನದು ನಮ್ಮದು, ಗಾಳಿಯದು ಇವರದು. ಕುಂಬಳೆ ಪೇಟೆಯಲ್ಲಿ ಪುಕ್ಕಟೆ ಸಿಕ್ಕಿದ ವಿದ್ಯೆ ಇದು! ಪದದ ಮೊದಲಲ್ಲಿ ಬಂದರೆ ತುಸು ಉಸಿರನ್ನೂ ಸೇರಿಸು, ಇಲ್ಲವಾದರೆ ನಿನ್ನ ‘ಟೆನ್’ ಅವರಿಗೆ ‘ಡೆನ್’.

‘ಕ್ಲೋದ್ಸ್’ಗಾಗಿ ಕನ್ನಡಿಯ ಮುಂದೆ ಒದ್ದಾಡಬೇಡ, ಬಾಗಿಲು ಮುಚ್ಚುವ ‘ಕ್ಲೋಸ್’ ಹೇಗೋ ಹಾಗೆಯೇ ಇವರಲ್ಲಿ ಅನೇಕರು ಅದನ್ನು ಹೇಳುತ್ತಾರೆ. ಆಸ್ತಮಾ ಇಲ್ಲಿ ಬರಿಯ ‘ಆಸ್ಮಾ’. ಲಂಡನ್ನಿನ ಕಡೆ ‘ಥಿಂಕ್’ ಎನ್ನದೆ ‘ಫಿಂಕ್’ ಎನ್ನುವವರೂ ಬೇಕಾದಷ್ಟಿದ್ದಾರೆ.

ಔಷಧದ ಪ್ರಮಾಣ ಹೇಳುವಾಗ ಮಾತ್ರ ನಾಲಿಗೆಯನ್ನು ನಂಬಬೇಡ. 13, 30 ಎರಡನ್ನೂ ಅಂಕಿ ಬಿಡಿಸಿ ಹೇಳು, ಬರೆದೂ ತೋರಿಸು. ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ.